ಪರಮಾಣುಗಳ ನಂಟು, ಸವಳು ಹೊಲದ ಮದ್ದು

ಆಲಮೇಲ, ಸಿಂದಗಿ, ಇಂಡಿ ಭಾಗದ ಎರೆ ಹೊಲಗಳಿಗೆ ನೀರಾವರಿ ಬಂದು ಕೆಲವು ವರ್ಷ ಕಳೆದ ಮೇಲೆ ಅಲ್ಲಲ್ಲಿ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪದರು ಏಳುತ್ತದೆ. ಇಲ್ಲವೇ ಹಾಯಿಸಿದ ನೀರು ಇಂಗದೆ ಹಾಗೇ ನಿಲ್ಲುತ್ತದೆ. ಕಬ್ಬು ಮೊಣಕಾಲೆತ್ತರಕ್ಕೇ ನಿಂತುಬಿಡುತ್ತದೆ. ‘ಹೊಲ ಸವಳಾಯಿತು’ ಎನ್ನುತ್ತಾರೆ. ಒಬ್ಬರು ಜಿಪ್ಸಮ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ನೀರು ಕಟ್ಟಿ ತೊಳೆಯಿರಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ ನಿಮ್ಮ ಮನೆಯಲ್ಲೇ ಇರಬಹುದು, ಮಕ್ಕಳ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ. ‘ಲೋಹಗಳು ಮತ್ತು ಅಲೋಹಗಳು’, ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಎಂಬ ಎರಡು ಪಾಠಗಳಲ್ಲಿ ಪರಮಾಣುಗಳು ಹೇಗೆ ಒಂದಕ್ಕೊಂದು ಕೂಡುತ್ತವೆ ಎಂಬುದಿದೆ. ಮಕ್ಕಳು ಅದನ್ನು ಅಂಕಕ್ಕಾಗಿ ಓದುತ್ತಾರೆ. ಹೊಲ ಉಳಿಸಿಕೊಳ್ಳಲಿಕ್ಕೆ ದೊಡ್ಡವರೂ ಓದಬೇಕಾದ ಪಾಠ ಅದು. ಇಲ್ಲಿ ಅದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಬಂಧ ಎಂದರೇನು?

ಎಲ್ಲ ವಸ್ತುವೂ ಪರಮಾಣುಗಳಿಂದ ಆಗಿದೆ. ಪರಮಾಣುವಿನ ನಡುವೆ ಧನ ವಿದ್ಯುದಂಶವಿರುವ ನ್ಯೂಕ್ಲಿಯಸ್, ಅಂದರೆ ಬೀಜಕೇಂದ್ರ ಇದೆ. ಅದರ ಸುತ್ತ ಋಣ ವಿದ್ಯುದಂಶವಿರುವ ಎಲೆಕ್ಟ್ರಾನ್‌ಗಳಿವೆ. ಎಲೆಕ್ಟ್ರಾನ್‌ಗಳು ಕವಚಗಳಲ್ಲಿ, ಅಂದರೆ ಒಂದರ ಹೊರಗೊಂದು ಇರುವ ಸುತ್ತುಗಳಲ್ಲಿ ಇರುತ್ತವೆ. ಮೊದಲ ಸುತ್ತಿನಲ್ಲಿ 2, ಮುಂದಿನದರಲ್ಲಿ 8.

ಹೊರಗಿನ ಸುತ್ತು ತುಂಬಿದ್ದರೆ ಪರಮಾಣು ಸ್ಥಿರವಾಗಿರುತ್ತದೆ. ನಿಯಾನ್, ಆರ್ಗಾನ್ ಅನಿಲಗಳು ಹಾಗಿವೆ, ಅವು ಯಾರ ಜೊತೆಗೂ ಸುಲಭವಾಗಿ ಕೂಡುವುದಿಲ್ಲ. ಉಳಿದ ಬಹುತೇಕ ಪರಮಾಣುಗಳ ಹೊರಸುತ್ತು ಅರೆಬರೆ ತುಂಬಿರುತ್ತದೆ. ಅವು ಬೇರೆ ಪರಮಾಣುವಿನೊಡನೆ ಕೂಡಿ ಹೊರಸುತ್ತಿಗೆ ಎಂಟು ಮಾಡಿಕೊಂಡಾಗ ಶಕ್ತಿ ಹೊರಬೀಳುತ್ತದೆ, ಎರಡೂ ಸ್ಥಿರವಾಗುತ್ತವೆ. ಹೀಗೆ ಅವುಗಳನ್ನು ಹಿಡಿದಿಡುವ ಸೆಳೆತವೇ ರಾಸಾಯನಿಕ ಬಂಧ. ಎಂಟರ ಈ ಲೆಕ್ಕಕ್ಕೆ ಅಷ್ಟಕ ನಿಯಮ ಎನ್ನುತ್ತಾರೆ. 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಮತ್ತು ಜರ್ಮನಿಯ ವಾಲ್ಟರ್ ಕೊಸೆಲ್ ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. ಈ ನಿಯಮಕ್ಕೆ ಹೊರತಾದ ವಸ್ತುಗಳೂ ಇವೆ. ಆದರೆ ನಮ್ಮ ಹೊಲ, ಅಡುಗೆಮನೆಯ ಮಟ್ಟಿಗೆ ಇದು ಸಾಕು.

ಬಂಧದಲ್ಲಿ ಮುಖ್ಯವಾಗಿ ಮೂರು ಬಗೆ. ಎಲೆಕ್ಟ್ರಾನ್ ಕೊಟ್ಟು ಪಡೆಯುವುದು ಒಂದು, ಹಂಚಿಕೊಳ್ಳುವುದು ಇನ್ನೊಂದು, ಎಲ್ಲರದೂ ಸೇರಿ ಒಂದೇ ಆಗುವುದು ಮತ್ತೊಂದು.

ಕೊಟ್ಟು ಪಡೆಯುವ ಬಂಧ: ಉಪ್ಪು

ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನ್‌ಗಳಿವೆ. ಅವು 2, 8, 1 ಎಂದು ಹಂಚಿಕೊಂಡಿವೆ. ಹೊರಗೆ ಒಂದೇ ಒಂದು ಇದೆ. ಕ್ಲೋರಿನ್‌ನಲ್ಲಿ 17 ಇವೆ: 2, 8, 7. ಎಂಟಾಗಲು ಒಂದು ಕಡಿಮೆ. ಸೋಡಿಯಂ ತನ್ನ ಒಂದನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಪಡೆಯುತ್ತದೆ. ಋಣ ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಧನವಾಗುತ್ತದೆ, ಪಡೆದ ಕ್ಲೋರಿನ್ ಋಣವಾಗುತ್ತದೆ. ಹೀಗೆ ವಿದ್ಯುದಂಶ ಹೊತ್ತ ಪರಮಾಣುವಿಗೆ ಅಯಾನು ಎಂದು ಹೆಸರು. ಧನ ಮತ್ತು ಋಣ ಒಂದನ್ನೊಂದು ಸೆಳೆದು ಹಿಡಿಯುತ್ತವೆ. ಇದು ಅಯಾನಿಕ ಬಂಧ. ನಮ್ಮ ಅಡುಗೆ ಉಪ್ಪು ಹೀಗೆ ಆದದ್ದು.

ಈ ಸೆಳೆತ ಬಲವಾದದ್ದು. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹಾಗಿದ್ದರೆ ನೀರಿಗೆ ಹಾಕಿದ ಕೂಡಲೇ ಹೇಗೆ ಕರಗುತ್ತದೆ ಎಂದು ನೀವು ಕೇಳಬಹುದು. ನೀರಿನ ಅಣುವಿಗೆ ಒಂದು ಬದಿ ಸ್ವಲ್ಪ ಋಣ, ಇನ್ನೊಂದು ಬದಿ ಸ್ವಲ್ಪ ಧನ. ಇಂಥ ಅಣುಗಳು ಉಪ್ಪಿನ ಪ್ರತಿ ಅಯಾನನ್ನೂ ಸುತ್ತುವರಿದು ಬಿಡಿಸಿಕೊಂಡು ಹೋಗುತ್ತವೆ.

ಇಲ್ಲಿ ಒಂದು ಮಾತು ನೆನಪಿಡಿ. ನೀರು ಆವಿಯಾಗಿ ಹೋಗುತ್ತದೆ, ಅಯಾನು ಹೋಗುವುದಿಲ್ಲ. ಹೊಲ ಸವಳಾಗುವ ಮೂಲ ಇದೇ. ಲೆಕ್ಕ ಹಾಕಿ ನೋಡಿ. ನಿಮ್ಮ ಬೋರಿನ ಒಂದು ಲೀಟರ್ ನೀರಿನಲ್ಲಿ 1 ಗ್ರಾಂ ಲವಣ ಇದೆ ಎಂದುಕೊಳ್ಳಿ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ನಿಲ್ಲುವಷ್ಟು ಹಾಯಿಸಿದರೆ ಅದು ಸುಮಾರು 2 ಲಕ್ಷ ಲೀಟರ್. ಅಂದರೆ ಒಂದೇ ಹಾಯಿಕೆಗೆ ಸುಮಾರು 200 ಕಿಲೋ ಲವಣ ಹೊಲಕ್ಕೆ ಬಂತು. ನೀರಿನ ಹೆಚ್ಚಿನ ಪಾಲು ಬೆಳೆಯ ಮೂಲಕ ಮತ್ತು ಬಿಸಿಲಿಗೆ ಆವಿಯಾಗಿ ಹೋಯಿತು, ಲವಣದ ಬಹುಪಾಲು ಉಳಿಯಿತು. ಬಸಿದು ಹೋಗಲು ದಾರಿ ಇಲ್ಲದ ಹೊಲದಲ್ಲಿ ಅದು ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಇರುತ್ತದೆ.

ಹಂಚಿಕೊಳ್ಳುವ ಬಂಧ: ನೀರು, ಸಕ್ಕರೆ

ಇಬ್ಬರು ಅಣ್ಣತಮ್ಮಂದಿರ ಹೊಲದ ನಡುವೆ ಒಂದು ಪಾಲುಬಾವಿ ಇರುತ್ತದಲ್ಲ, ಹಂಚಿಕೊಳ್ಳುವ ಬಂಧ ಹಾಗೆ. ಬಾವಿ ಇಬ್ಬರ ಲೆಕ್ಕಕ್ಕೂ ಬರುತ್ತದೆ, ಅದಕ್ಕಾಗಿಯೇ ಇಬ್ಬರೂ ಒಂದೆಡೆ ಇರುತ್ತಾರೆ. ಆಮ್ಲಜನಕದ ಹೊರಸುತ್ತಿನಲ್ಲಿ 6 ಎಲೆಕ್ಟ್ರಾನ್‌ಗಳಿವೆ, ಇನ್ನೆರಡು ಬೇಕು. ಜಲಜನಕಕ್ಕೆ ಇರುವುದು ಒಂದು, ಇನ್ನೊಂದು ಬೇಕು. ಒಂದು ಆಮ್ಲಜನಕ ಎರಡು ಜಲಜನಕಗಳೊಡನೆ ಒಂದೊಂದು ಜೋಡಿ ಎಲೆಕ್ಟ್ರಾನ್ ಹಂಚಿಕೊಳ್ಳುತ್ತದೆ. ಅದೇ ನೀರಿನ ಅಣು. ಇದಕ್ಕೆ ಸಹವೇಲೆನ್ಸೀಯ ಬಂಧ ಎನ್ನುತ್ತಾರೆ.

ಕಾರ್ಬನ್ನಿಗೆ ಹೊರಗೆ 4 ಎಲೆಕ್ಟ್ರಾನ್‌ಗಳಿವೆ. ನಾಲ್ಕು ಕೊಡುವುದೂ ಕಷ್ಟ, ನಾಲ್ಕು ಪಡೆಯುವುದೂ ಕಷ್ಟ. ಹಾಗಾಗಿ ಅದು ಹಂಚಿಕೊಳ್ಳುತ್ತದೆ, ಉದ್ದ ಸರಪಳಿಗಳನ್ನೂ ಉಂಗುರಗಳನ್ನೂ ಕಟ್ಟುತ್ತದೆ. ಕಬ್ಬಿನ ಎಲೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ಬೇರಿನ ನೀರನ್ನೂ ತೆಗೆದುಕೊಂಡು, ಬಿಸಿಲಿನ ಶಕ್ತಿಯಿಂದ ಸಕ್ಕರೆ ಮಾಡುತ್ತದೆ. ಕಬ್ಬಿನ ಸಕ್ಕರೆಯ ಒಂದು ಅಣುವಿನಲ್ಲಿ 12 ಕಾರ್ಬನ್, 22 ಜಲಜನಕ, 11 ಆಮ್ಲಜನಕ, ಒಟ್ಟು 45 ಪರಮಾಣುಗಳು ಇದೇ ಬಂಧದಿಂದ ಕೂಡಿವೆ.

ಸಕ್ಕರೆಯೂ ನೀರಿನಲ್ಲಿ ಕರಗುತ್ತದೆ. ಆದರೆ ಉಪ್ಪಿನಂತೆ ಅಯಾನುಗಳಾಗಿ ಒಡೆಯುವುದಿಲ್ಲ. ಇಡೀ ಅಣು ಹಾಗೇ ಉಳಿದು ನೀರಿನಲ್ಲಿ ಬೆರೆಯುತ್ತದೆ. ನೀರಿನ ಅಣುಗಳಿಗೂ ಸಕ್ಕರೆಯ ಅಣುಗಳಿಗೂ ನಡುವೆ ಹೈಡ್ರೋಜನ್ ಬಂಧ ಎಂಬ ಹಗುರಾದ ಸೆಳೆತ ಇದೆ. ಮಳೆಗಾಲದಲ್ಲಿ ಬೆಲ್ಲದ ಮುದ್ದೆ ಬೆವರಿ ಜಿಗುಟಾಗುವುದಕ್ಕೂ ಇದೇ ಕಾರಣ, ಗಾಳಿಯ ತೇವವನ್ನು ಬೆಲ್ಲ ಸೆಳೆದುಕೊಳ್ಳುತ್ತದೆ. ನೀರಿನಲ್ಲಿ ಈ ಹಗುರ ಸೆಳೆತದ ಬಲ ಜಲಜನಕ-ಆಮ್ಲಜನಕದ ನಿಜವಾದ ಬಂಧದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ನೀರು ಕುದಿಸಿದಾಗ ಬಿಡಿಸಿಕೊಳ್ಳುವುದು ಇದೇ. ನೀರಿನ ಅಣು ಒಡೆಯುವುದಿಲ್ಲ, ಆವಿಯೂ ನೀರೇ.

ಎಲ್ಲರದೂ ಸೇರುವ ಬಂಧ: ತಾಮ್ರ, ಕಬ್ಬಿಣ

ಲೋಹಗಳಲ್ಲಿ ಹೊರಗಿನ ಎಲೆಕ್ಟ್ರಾನ್‌ಗಳು ಯಾವುದೇ ಒಂದು ಪರಮಾಣುವಿಗೆ ಅಂಟಿಕೊಂಡಿರುವುದಿಲ್ಲ. ಇಡೀ ತುಂಡಿನಲ್ಲಿ ಓಡಾಡುತ್ತವೆ. ಇದು ಲೋಹೀಯ ಬಂಧ. ಅದಕ್ಕೇ ಪಂಪ್‌ಸೆಟ್ಟಿನ ತಾಮ್ರದ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಪರಮಾಣುಗಳ ಸಾಲುಗಳು ಜರುಗಿದರೂ ಬಂಧ ಉಳಿಯುವುದರಿಂದ ಕಮ್ಮಾರರು ಕುಂಟೆಯ ಕುಡವನ್ನು ಬಡಿದು ಹರಿತ ಮಾಡಬಹುದು. ಉಪ್ಪಿನ ಹರಳನ್ನು ಬಡಿದರೆ ಪುಡಿಯಾಗುತ್ತದೆ, ಏಕೆಂದರೆ ಸಾಲು ಜರುಗಿದಾಗ ಧನದ ಎದುರು ಧನ, ಋಣದ ಎದುರು ಋಣ ಬಂದು ಒಂದನ್ನೊಂದು ದೂಡುತ್ತವೆ.

ಈಗ ಎರೆಮಣ್ಣಿಗೆ ಬರೋಣ

ನಮ್ಮ ಎರೆಮಣ್ಣು ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಸವೆದು ಆದದ್ದು. ಅದರ ಜೇಡಿ ಕಣಗಳು ತೆಳು ಹಾಳೆಗಳ ರೂಪದಲ್ಲಿವೆ. ಹಾಳೆಯ ಒಳಗೆ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳು ಬಲವಾಗಿ ಕೂಡಿವೆ. ಆದರೆ ಕೆಲವೆಡೆ ಅಲ್ಯೂಮಿನಿಯಂ ಇರಬೇಕಾದ ಜಾಗದಲ್ಲಿ ಮೆಗ್ನೀಸಿಯಂ ಕೂತಿದೆ. ಅಲ್ಯೂಮಿನಿಯಂಗೆ ಧನಾಂಶ 3, ಮೆಗ್ನೀಸಿಯಂಗೆ 2. ಆ ಒಂದರ ಕೊರತೆಯಿಂದ ಇಡೀ ಹಾಳೆ ಋಣವಾಗುತ್ತದೆ. ಈ ಋಣಾಂಶ ಧನ ಅಯಾನುಗಳನ್ನು ಹಾಳೆಯ ಮೇಲೆ ಸೆಳೆದು ಹಿಡಿಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್, ಸೋಡಿಯಂ ಎಲ್ಲವೂ ಹೀಗೆ ಮಣ್ಣಿನಲ್ಲಿ ಕೂತಿರುತ್ತವೆ. ಎರೆಮಣ್ಣು ಫಲವತ್ತಾಗಿರುವುದಕ್ಕೆ ಇದೂ ಒಂದು ಕಾರಣ.

ಕ್ಯಾಲ್ಸಿಯಂಗೆ ಧನಾಂಶ ಎರಡು. ಅದು ಹಾಳೆಗಳನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತದೆ. ಮಣ್ಣು ಹರಳುಹರಳಾಗಿ ಉಳಿಯುತ್ತದೆ, ನಡುವಿನ ಸಂದಿಗಳಲ್ಲಿ ನೀರು ಇಂಗುತ್ತದೆ. ಸೋಡಿಯಂಗೆ ಧನಾಂಶ ಒಂದೇ, ಅದರ ಸುತ್ತ ನೀರಿನ ಅಣುಗಳು ದಟ್ಟವಾಗಿ ಕೂತಿರುತ್ತವೆ. ಅದು ಹಾಳೆಗಳನ್ನು ಹಿಡಿಯಲಾರದು. ಸೋಡಿಯಂ ಹೆಚ್ಚಾದರೆ ಹಾಳೆಗಳು ಬಿಟ್ಟುಕೊಂಡು, ಸಣ್ಣ ಕಣಗಳು ಸಂದಿಗಳನ್ನು ಮುಚ್ಚುತ್ತವೆ. ಒದ್ದೆಯಾದಾಗ ಲೋಳೆ, ಒಣಗಿದಾಗ ಕಲ್ಲು. ನೀರು ಮೇಲೆಯೇ ನಿಲ್ಲುತ್ತದೆ.

ಸವಳಿನಲ್ಲಿ ಎರಡು ಬಗೆ

ಮೊದಲನೆಯದು ಲವಣದ ಸವಳು. ಇಲ್ಲಿ ಲವಣ ಮಣ್ಣಿನ ನೀರಿನಲ್ಲಿ ಕರಗಿದೆ, ಒಣಗಿದಾಗ ಬಿಳಿ ಪದರಾಗಿ ಕಾಣುತ್ತದೆ. ಮಣ್ಣಿಗೆ ಅಂಟಿಲ್ಲ. ಒಳ್ಳೆಯ ನೀರು ಮತ್ತು ಬಸಿಗಾಲುವೆ ಇದ್ದರೆ ತೊಳೆದು ಕಳಿಸಬಹುದು.

ಎರಡನೆಯದು ಸೋಡಿಯಂ ಸವಳು, ಇದನ್ನು ಕ್ಷಾರ ಮಣ್ಣು ಎಂದೂ ಕರೆಯುತ್ತಾರೆ. ಇಲ್ಲಿ ಸೋಡಿಯಂ ಮಣ್ಣಿನ ಹಾಳೆಗೆ ವಿದ್ಯುತ್ ಸೆಳೆತದಿಂದ ಅಂಟಿದೆ. ಬರೀ ನೀರಿನಿಂದ ತೊಳೆದರೆ ಹೋಗುವುದಿಲ್ಲ. ಋಣಾಂಶದ ಹಾಳೆ ತನ್ನ ಧನ ಅಯಾನನ್ನು ಸುಮ್ಮನೆ ಬಿಟ್ಟುಕೊಡದು. ಆ ಜಾಗಕ್ಕೆ ಇನ್ನೊಂದು ಧನ ಅಯಾನು ಬಂದರೆ ಮಾತ್ರ ಬಿಡುತ್ತದೆ. ಆ ಇನ್ನೊಂದನ್ನು ಕೊಡುವ ವಸ್ತುವೇ ಜಿಪ್ಸಮ್.

ಎರಡೂ ಒಟ್ಟಿಗೆ ಇರುವ ಹೊಲಗಳೂ ಉಂಟು. ಅಂಥಲ್ಲಿ ಮೊದಲೇ ನೀರು ಕಟ್ಟಿ ಲವಣವನ್ನಷ್ಟೇ ತೊಳೆದರೆ ಸೋಡಿಯಂ ಹಿಂದುಳಿದು ಮಣ್ಣು ಇನ್ನೂ ಕೆಡುತ್ತದೆ. ಆದ್ದರಿಂದ ಯಾವ ಬಗೆ ಎಂದು ತಿಳಿಯದೆ ಕೆಲಸ ಶುರು ಮಾಡಬೇಡಿ.

ಜಿಪ್ಸಮ್ ಹೇಗೆ ಕೆಲಸ ಮಾಡುತ್ತದೆ?

ಜಿಪ್ಸಮ್ ಎಂದರೆ ನೀರು ಕೂಡಿದ ಕ್ಯಾಲ್ಸಿಯಂ ಸಲ್ಫೇಟ್. ಶುದ್ಧ ಜಿಪ್ಸಮ್‌ನಲ್ಲಿ ಸುಮಾರು ಶೇಕಡಾ 23 ಕ್ಯಾಲ್ಸಿಯಂ, ಶೇಕಡಾ 18ಕ್ಕಿಂತ ಸ್ವಲ್ಪ ಹೆಚ್ಚು ಗಂಧಕ ಇದೆ. ನೀರಿನಲ್ಲಿ ಕರಗಿದಾಗ ಕ್ಯಾಲ್ಸಿಯಂ ಅಯಾನು ಬಿಡುಗಡೆಯಾಗುತ್ತದೆ. ಒಂದು ಕ್ಯಾಲ್ಸಿಯಂ ಎರಡು ಸೋಡಿಯಂಗಳನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟಿನ ಜೊತೆ ನೀರಿನಲ್ಲಿ ಉಳಿಯುತ್ತದೆ. ಈಗ ಅದನ್ನು ನೀರಿನಿಂದ ತೊಳೆಯಬಹುದು.

ಜಿಪ್ಸಮ್ ಕೂಡ ಒಂದು ಲವಣವೇ ಅಲ್ಲವೇ, ಹೊಲ ಮತ್ತಷ್ಟು ಉಪ್ಪಾಗದೇ ಎಂಬ ಅನುಮಾನ ಸಹಜ. ಜಿಪ್ಸಮ್ ಕರಗುವುದು ತೀರ ಕಡಿಮೆ. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು ಸುಮಾರು 360 ಗ್ರಾಂ ಕರಗಿದರೆ ಜಿಪ್ಸಮ್ ಎರಡು ಗ್ರಾಂನ ಆಸುಪಾಸು ಕರಗುತ್ತದೆ. ಹಾಗಾಗಿ ಬೇರಿಗೆ ಪೆಟ್ಟು ಬೀಳುವುದಿಲ್ಲ, ನಿಧಾನವಾಗಿ ಕೆಲಸ ನಡೆಯುತ್ತದೆ.

ಕ್ಯಾಲ್ಸಿಯಂ ಬೇಕಾದರೆ ಸುಣ್ಣ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕ್ಷಾರ ಮಣ್ಣಿನಲ್ಲಿ ಸುಣ್ಣಕಲ್ಲು ಕರಗುವುದೇ ಇಲ್ಲವೆನ್ನಬಹುದು. ಸುಟ್ಟ ಸುಣ್ಣ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ಎರೆಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳುಗಳು ಹಲವೆಡೆ ಈಗಾಗಲೇ ಇವೆ. ಒಂದು ಹರಳಿನ ಮೇಲೆ ಇಂಡಿ ಲಿಂಬೆಯ ರಸ ಹಿಂಡಿ ನೋಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣ. ರಸದ ಆಮ್ಲ ಕಾರ್ಬನೇಟನ್ನು ಒಡೆದು ಕಾರ್ಬನ್ ಡೈಆಕ್ಸೈಡ್ ಬಿಡಿಸುತ್ತದೆ. ಇದೇ ತತ್ವದ ಮೇಲೆ ಸುಣ್ಣವಿರುವ ಹೊಲಕ್ಕೆ ಗಂಧಕ ಹಾಕುವ ಪದ್ಧತಿಯೂ ಇದೆ. ಮಣ್ಣಿನ ಸೂಕ್ಷ್ಮಜೀವಿಗಳು ಗಂಧಕವನ್ನು ಆಮ್ಲವಾಗಿಸುತ್ತವೆ, ಆಮ್ಲ ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಕೊಡುತ್ತದೆ. ಇದಕ್ಕೆ ಸಮಯ ಹೆಚ್ಚು ಬೇಕು.

ಮನೆಯಲ್ಲೇ ಪರೀಕ್ಷೆ

ಒಂದು: ಸವಳು ಹೊಲದಿಂದ ಒಣ ಹೆಂಟೆಯ ಚೂರು ತನ್ನಿ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಭಟ್ಟಿನೀರು ತೆಗೆದುಕೊಳ್ಳಿ. ಚೂರನ್ನು ಮೆಲ್ಲಗೆ ಬಿಡಿ, ಕಲಕಬೇಡಿ. ಎರಡು ಗಂಟೆಯ ನಂತರ ಮತ್ತು ಮರುದಿನ ನೋಡಿ. ಚೂರಿನ ಸುತ್ತ ಹಾಲಿನಂಥ ಮಬ್ಬು ಹರಡಿದ್ದರೆ ಸೋಡಿಯಂ ಹೆಚ್ಚಿರುವ ಸಾಧ್ಯತೆ ಇದೆ. ಬೋರಿನ ನೀರು ಬಳಸಿದರೆ ಅದರಲ್ಲಿನ ಲವಣಗಳು ಫಲಿತಾಂಶ ಕೆಡಿಸುತ್ತವೆ. ಮಬ್ಬು ಬರದಿದ್ದರೂ ನಿಶ್ಚಿಂತರಾಗಬೇಡಿ, ಮಣ್ಣಿನಲ್ಲಿ ಕರಗಿದ ಲವಣ ತುಂಬ ಇದ್ದರೆ ಮಬ್ಬು ಏಳುವುದಿಲ್ಲ.

ಎರಡು: ಅದೇ ಮಬ್ಬು ನೀರನ್ನು ಕಲಕಿ ಎರಡು ಲೋಟಗಳಿಗೆ ಹಾಕಿ. ಒಂದಕ್ಕೆ ಚಿಟಿಕೆ ಜಿಪ್ಸಮ್ ಬೆರೆಸಿ. ಮರುದಿನದ ಹೊತ್ತಿಗೆ ಆ ಲೋಟ ತಿಳಿಯಾಗಿರುತ್ತದೆ, ಇನ್ನೊಂದು ರಾಡಿಯಾಗೇ ಉಳಿದಿರುತ್ತದೆ. ಕ್ಯಾಲ್ಸಿಯಂ ಕಣಗಳನ್ನು ಕೂಡಿಸಿ ಕೆಳಗಿಳಿಸಿತು. ಹೊಳೆಯ ರಾಡಿ ನೀರಿಗೆ ಪಟಕ, ಕೆಲವರು ತುರಟಿ ಎನ್ನುತ್ತಾರೆ, ಹಾಕಿ ತಿಳಿ ಮಾಡುವುದೂ ಇದೇ ವಿದ್ಯೆ. ಪಟಕದಲ್ಲಿ ಧನಾಂಶ ಮೂರಿರುವ ಅಲ್ಯೂಮಿನಿಯಂ ಇದೆ.

ಮೂರು, ಮಕ್ಕಳಿಗಾಗಿ: 9 ವೋಲ್ಟ್ ಬ್ಯಾಟರಿ, ಒಂದು ಸಣ್ಣ ಎಲ್‌ಇಡಿ, ಎರಡು ತಂತಿ ತೆಗೆದುಕೊಂಡು ಒಂದೇ ಸಾಲಿನಲ್ಲಿ ಜೋಡಿಸಿ. ತಂತಿಯ ತುದಿಗಳನ್ನು ಸಕ್ಕರೆ ನೀರಿನಲ್ಲಿ ಅದ್ದಿದರೆ ಎಲ್‌ಇಡಿ ಹೊತ್ತುವುದಿಲ್ಲ, ಉಪ್ಪುನೀರಿನಲ್ಲಿ ಹೊತ್ತುತ್ತದೆ. ಉಪ್ಪಿನ ಅಯಾನುಗಳು ವಿದ್ಯುತ್ ಸಾಗಿಸುತ್ತವೆ, ಸಕ್ಕರೆಯ ಅಣುವಿಗೆ ವಿದ್ಯುದಂಶವೇ ಇಲ್ಲ. ಸಕ್ಕರೆಗೂ ಭಟ್ಟಿನೀರನ್ನೇ ಬಳಸಿ. ತಂತಿಯ ತುದಿಗಳು ಒಂದಕ್ಕೊಂದು ತಾಗದಿರಲಿ, ಎಲ್‌ಇಡಿ ಸುಡುತ್ತದೆ. ಗಾಳಿಯಾಡುವ ಜಾಗದಲ್ಲಿ ಸ್ವಲ್ಪ ಹೊತ್ತು ಮಾತ್ರ ಮಾಡಿ. ಮನೆಯ ಕರೆಂಟಿನಿಂದ ಈ ಪ್ರಯೋಗವನ್ನು ಎಂದಿಗೂ ಮಾಡಬೇಡಿ.

ಪ್ರಯೋಗಾಲಯದ ಚೀಟಿ ಓದುವುದು ಹೇಗೆ?

ಮನೆಯ ಪರೀಕ್ಷೆ ಸುಳಿವು ಕೊಡುತ್ತದೆ, ಪ್ರಮಾಣ ಹೇಳುವುದಿಲ್ಲ. ಅದಕ್ಕೆ ಮಣ್ಣು ಪರೀಕ್ಷೆ ಬೇಕು. ಕೆಟ್ಟ ಭಾಗದ ಮಣ್ಣು ಬೇರೆ, ಒಳ್ಳೆಯ ಭಾಗದ್ದು ಬೇರೆ ತೆಗೆಯಿರಿ. ಪ್ರತಿ ಭಾಗದಲ್ಲೂ ಎಂಟು-ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕೊಡಿ. ಬೋರಿನ ನೀರನ್ನೂ ಬಾಟಲಿಯಲ್ಲಿ ಕೊಡಿ.

ಮೂರು ಅಂಕಿ ನೋಡಬೇಕು. ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ. ಇಸಿ, ಅಂದರೆ ಕರಗಿದ ಲವಣ ಎಷ್ಟಿದೆ ಎಂದು ವಿದ್ಯುತ್ ಹರಿವಿನಿಂದ ತಿಳಿಯುವ ಅಳತೆ. ಇಎಸ್‌ಪಿ, ಅಂದರೆ ಮಣ್ಣು ಹಿಡಿದಿರುವ ಧನ ಅಯಾನುಗಳಲ್ಲಿ ಸೋಡಿಯಂನ ಶೇಕಡಾವಾರು ಪಾಲು; ಹೀಗೆ ಮಣ್ಣು ಹಿಡಿದಿರುವ ಸೋಡಿಯಂಗೆ ವಿನಿಮಯ ಸೋಡಿಯಂ ಎನ್ನುತ್ತಾರೆ. ಇಸಿ 4ಕ್ಕಿಂತ ಹೆಚ್ಚು, ಇಎಸ್‌ಪಿ 15ಕ್ಕಿಂತ ಕಡಿಮೆ, ಪಿಎಚ್ 8.5ಕ್ಕಿಂತ ಕಡಿಮೆ ಇದ್ದರೆ ಲವಣದ ಸವಳು. ಇಸಿ 4ಕ್ಕಿಂತ ಕಡಿಮೆ, ಇಎಸ್‌ಪಿ 15ಕ್ಕಿಂತ ಹೆಚ್ಚು, ಪಿಎಚ್ 8.5 ದಾಟಿದ್ದರೆ ಸೋಡಿಯಂ ಸವಳು. ಎರೆಮಣ್ಣಿನಲ್ಲಿ ಇಎಸ್‌ಪಿ 15 ಮುಟ್ಟುವ ಮೊದಲೇ ತೊಂದರೆ ಶುರುವಾಗುವುದುಂಟು. ಇಸಿಯ ಈ ಮಿತಿ ಮಣ್ಣನ್ನು ನೀರಿನಲ್ಲಿ ಪೂರ್ಣ ತೋಯಿಸಿ ತೆಗೆದ ರಸಕ್ಕೆ ಅನ್ವಯಿಸುತ್ತದೆ. ಹೆಚ್ಚು ನೀರು ಬೆರೆಸಿ ಅಳೆದಿದ್ದರೆ ಅಂಕಿ ಕಡಿಮೆ ಬರುತ್ತದೆ. ಯಾವ ವಿಧಾನ ಎಂದು ಕೇಳಿ ತಿಳಿಯಿರಿ.

ಇನ್ನೊಂದು ಮುಖ್ಯ ವಿಷಯ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್, ಇಸಿ ಸೇರಿ 12 ಅಂಶಗಳಿವೆ. ಇಎಸ್‌ಪಿ ಅದರಲ್ಲಿಲ್ಲ. ‘ವಿನಿಮಯ ಸೋಡಿಯಂ ಮತ್ತು ಜಿಪ್ಸಮ್ ಬೇಡಿಕೆ ಬೇಕು’ ಎಂದು ನೀವೇ ಬಾಯಿಬಿಟ್ಟು ಕೇಳಬೇಕು.

ಎಷ್ಟು ಬೇಕು, ಎಷ್ಟು ಖರ್ಚು?

ಪ್ರಯೋಗಾಲಯ 100 ಗ್ರಾಂ ಮಣ್ಣಿಗೆ ಇಷ್ಟು ಮಿಲಿ ಈಕ್ವಿವಲೆಂಟ್ ಸೋಡಿಯಂ ತೆಗೆಯಬೇಕು ಎಂದು ಹೇಳುತ್ತದೆ. ಇದು ವಿದ್ಯುದಂಶದ ಲೆಕ್ಕದಲ್ಲಿ ಅಯಾನು ಎಣಿಸುವ ಮಾನ. ಮೇಲಿನ 15 ಸೆಂಟಿಮೀಟರ್ ಮಣ್ಣಿನಿಂದ ಒಂದು ಮಿಲಿ ಈಕ್ವಿವಲೆಂಟ್ ತೆಗೆಯಲು ಎಕರೆಗೆ ಸುಮಾರು 7 ಕ್ವಿಂಟಾಲ್ ಶುದ್ಧ ಜಿಪ್ಸಮ್ ಬೇಕು. ಎರಡಕ್ಕೆ 14. ನೀವು ಕೊಳ್ಳುವ ಜಿಪ್ಸಮ್ ಶೇಕಡಾ 80 ಶುದ್ಧವಿದ್ದರೆ 7ರ ಬದಲು ಸುಮಾರು 9 ಕ್ವಿಂಟಾಲ್ ಹಾಕಬೇಕು.

ಖರ್ಚನ್ನು ಹೀಗೆ ಹಾಕಿ: ಕ್ವಿಂಟಾಲ್ ದರ, ಸಾಗಾಣಿಕೆ, ಎರಚಿ ಹರಗುವ ಕೂಲಿ, ಬಸಿಗಾಲುವೆ ತೋಡುವ ಬಾಡಿಗೆ. ಜಿಪ್ಸಮ್ ಅಗ್ಗದ ಖನಿಜ. ದೇಶದಲ್ಲಿ ಹೆಚ್ಚಾಗಿ ತೆಗೆಯುವುದು ರಾಜಸ್ಥಾನದಲ್ಲಾದ್ದರಿಂದ ಸಾಗಾಣಿಕೆಯೇ ಭಾರವಾಗಬಹುದು. ನಾಲ್ಕಾರು ರೈತರು ಕೂಡಿ ಲಾರಿ ಲೋಡು ತರಿಸಿದರೆ ಉಳಿತಾಯ. ರಸಗೊಬ್ಬರ ಕಾರ್ಖಾನೆಯ ಉಪವಸ್ತುವಾದ ಫಾಸ್ಫೋಜಿಪ್ಸಮ್ ಕೂಡ ಸಿಗುತ್ತದೆ. ಕೊಳ್ಳುವಾಗ ಶುದ್ಧತೆ ಎಷ್ಟು ಎಂದು ಚೀಲದ ಮೇಲೆ ಓದಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇರೆ ವಸ್ತು, ಅದನ್ನು ತರಬೇಡಿ.

ಹಾಕುವ ಕ್ರಮ ಹೀಗೆ. ಮೊದಲು ಹೊಲ ಸಮ ಮಾಡಿ, ಬಸಿಗಾಲುವೆ ತೋಡಿ. ಮಳೆಗಾಲಕ್ಕೆ ಮುಂಚೆ ಜಿಪ್ಸಮ್ ಎರಚಿ ಮೇಲಿನ 10-15 ಸೆಂಟಿಮೀಟರ್ ಮಣ್ಣಿನಲ್ಲಿ ಬೆರೆಸಿ. ಬದು ಕಟ್ಟಿ ಮಳೆನೀರು ಅಥವಾ ಒಳ್ಳೆಯ ಕಾಲುವೆ ನೀರು ನಿಲ್ಲಿಸಿ, ಬಸಿದು ಹೋಗಲು ಬಿಡಿ. ಆಮೇಲೆ ಡಯಂಚಾದಂಥ ಹಸಿರೆಲೆ ಗೊಬ್ಬರ ಬೆಳೆದು ಮಣ್ಣಿಗೆ ಸೇರಿಸಿ, ತಿಪ್ಪೆ ಗೊಬ್ಬರ ಹಾಕಿ. ಬಸಿಗಾಲುವೆ ಇಲ್ಲದೆ ಜಿಪ್ಸಮ್ ಹಾಕಿದರೆ ದುಡ್ಡು ಹಾಳು. ಎದ್ದ ಸೋಡಿಯಂಗೆ ಹೊರಹೋಗುವ ದಾರಿ ಬೇಕೇ ಬೇಕು.

ಎಲ್ಲಿ ಕೇಳಬೇಕು?

ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಮಣ್ಣು ಪರೀಕ್ಷೆಯ ಶುಲ್ಕ, ಜಿಪ್ಸಮ್ ದಾಸ್ತಾನು, ಈ ವರ್ಷ ಸಹಾಯಧನ ಇದೆಯೇ ಎಂಬುದನ್ನು ಅಲ್ಲಿ ವಿಚಾರಿಸಿ. ವಿನಿಮಯ ಸೋಡಿಯಂ ಪರೀಕ್ಷೆಗೆ ಇಂಡಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ವಿಜಯಪುರ ಹತ್ತಿರದ ಹಿಟ್ಟಿನಹಳ್ಳಿಯಲ್ಲಿರುವ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರವನ್ನೋ ಕೇಳಿ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಮಣ್ಣಿನ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹುಕಾಲದಿಂದ ಕೆಲಸ ಮಾಡಿದೆ. ದೇಶದ ಮಟ್ಟದಲ್ಲಿ ಇದಕ್ಕೆಂದೇ 1969ರಲ್ಲಿ ಸ್ಥಾಪನೆಯಾದ ಸಂಸ್ಥೆ ಹರಿಯಾಣದ ಕರ್ನಾಲ್‌ನಲ್ಲಿದೆ.

ಬಂಧದ ಪಾಠವನ್ನು ಇನ್ನೂ ಓದಬೇಕೆನಿಸಿದರೆ ಒಂಬತ್ತು, ಹತ್ತನೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲೋಟದ ಪರೀಕ್ಷೆ ಅವರ ಕೈಯಿಂದಲೇ ಮಾಡಿಸಿ. ಕರಗಿದ ಲವಣಕ್ಕೆ ನೀರು ಮತ್ತು ಬಸಿಗಾಲುವೆ, ಅಂಟಿದ ಸೋಡಿಯಂಗೆ ಮೊದಲು ಕ್ಯಾಲ್ಸಿಯಂ, ಆಮೇಲೆ ನೀರು ಮತ್ತು ಬಸಿಗಾಲುವೆ. ಈ ಎರಡರ ವ್ಯತ್ಯಾಸ ಗೊತ್ತಿರುವ ಮನೆಯಲ್ಲಿ ಹೊಲಕ್ಕೆ ಹಾಕುವ ದುಡ್ಡು ವ್ಯರ್ಥವಾಗುವುದಿಲ್ಲ.